ತುಳಸಿಗೇರಿಯ ನೂಲು, ದೆಹಲಿಯ ಎರಡು ಪದ

ಸಂಘ-ಸಂಸ್ಥೆಗಳ ಕೈ ಬಿಡಬೇಕೆಂದು ಸರ್ಕಾರ ಮನಸ್ಸು ಮಾಡಿದರೆ ಬಜೆಟ್ಟಿನಲ್ಲಿ ಹಣ ಕಡಿತ ಮಾಡಲೇಬೇಕೆಂದೇನಿಲ್ಲ. ನಿಯಮದ ಪುಸ್ತಕಕ್ಕೆ ಎರಡು ಪದ ಸೇರಿಸಿದರೂ ಸಾಕು. 2021ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ಮಾಡಿದ್ದು ಅದನ್ನೇ. 2002ರ ಧ್ವಜ ಸಂಹಿತೆಯ ಪ್ರಕಾರ ರಾಷ್ಟ್ರಧ್ವಜ ಕೈಯಿಂದ ನೂತು ಕೈಯಿಂದ ನೇಯ್ದ ಖಾದಿಯದೇ ಆಗಿರಬೇಕಿತ್ತು; ಹತ್ತಿಯೋ ಉಣ್ಣೆಯೋ ರೇಷ್ಮೆಯೋ, ಯಾವುದಾದರೂ ಸರಿ. ತಿದ್ದುಪಡಿಯ ನಂತರ ಅಲ್ಲಿ 'ಯಂತ್ರ ನಿರ್ಮಿತ' ಮತ್ತು 'ಪಾಲಿಯೆಸ್ಟರ್' ಎಂಬ ಪದಗಳು ಬಂದು ಕೂತವು. ಎಂಟು ತಿಂಗಳೊಳಗೆ, 2022ರ ಆಗಸ್ಟ್ 13ರಿಂದ 15ರವರೆಗೆ, 'ಹರ್ ಘರ್ ತಿರಂಗಾ' ಬಂತು. 20 ಕೋಟಿ ಮನೆಗಳ ಮೇಲೆ ಧ್ವಜ ಹಾರಿಸುವ ಗುರಿ. ಅದೇ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ ಮತ್ತೊಂದು ಸ್ಪಷ್ಟನೆ ಕೊಟ್ಟಿತು: ಯಂತ್ರದಲ್ಲಾದರೂ ಸರಿ, ಪಾಲಿಯೆಸ್ಟರ್ ಆದರೂ ಸರಿ, ರಾಷ್ಟ್ರಧ್ವಜಕ್ಕೆ ಜಿಎಸ್‌ಟಿ ಇಲ್ಲ. ಖಾದಿಗಿದ್ದ ಕೊನೆಯ ಆಸರೆಯೂ ಪೈಪೋಟಿಗೆ ನಿಂತವನ ಪಾಲಾಯಿತು.

ಇದು ದೆಹಲಿಯ ಸುದ್ದಿ, ನಮಗೇನು ಎಂದು ಬಾಗಲಕೋಟೆಯವರು ಸುಮ್ಮನಿರುವಂತಿಲ್ಲ. ಏಕೆಂದರೆ ಆ ಧ್ವಜದ ಬಟ್ಟೆ ಹುಟ್ಟುವುದೇ ನಮ್ಮ ತುಳಸಿಗೇರಿಯ ಮಗ್ಗಗಳಲ್ಲಿ. ಇಲ್ಲಿ ನೂತು ನೇಯ್ದ ಖಾದಿ ಹುಬ್ಬಳ್ಳಿಯ ಬೆಂಗೇರಿಗೆ ಹೋಗುತ್ತದೆ. ಅಲ್ಲಿ ಬಣ್ಣ, ಅಶೋಕ ಚಕ್ರದ ಅಚ್ಚು, ಹೊಲಿಗೆ, ಇಸ್ತ್ರಿ. ಆರು ಇಂಚು ಉದ್ದ ನಾಲ್ಕು ಇಂಚು ಅಗಲದ ಪುಟ್ಟ ಧ್ವಜದಿಂದ ಹಿಡಿದು 21 ಅಡಿ ಉದ್ದ 14 ಅಡಿ ಅಗಲದ ಧ್ವಜದವರೆಗೆ ಒಂಬತ್ತು ಅಳತೆಗಳು. ದೇಶದ ಮಾನಕ ಸಂಸ್ಥೆ ತನ್ನ ಮೊಟ್ಟಮೊದಲ ಮಾನಕವನ್ನು, ಅಂದರೆ 'ಐಎಸ್ 1' ಅನ್ನು, ಬರೆದದ್ದು ಈ ಧ್ವಜಕ್ಕಾಗಿ. ಎಳೆಗಳ ಲೆಕ್ಕ, ಬಣ್ಣದ ಛಾಯೆ, ಬಟ್ಟೆಯ ತೂಕ ಒಂದಿಷ್ಟು ಹೆಚ್ಚುಕಡಿಮೆಯಾದರೂ ಮಾಲು ತಿರಸ್ಕಾರ. ಈ ಕಟ್ಟುನಿಟ್ಟನ್ನು ಗೆದ್ದು 2006ರಲ್ಲಿ ಮಾನ್ಯತೆ ಪಡೆದದ್ದು ಯಾವುದೇ ಕಂಪನಿಯಲ್ಲ. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. ಲಾಭ ಹಂಚಿಕೊಳ್ಳುವ ಒಡೆಯರಿಲ್ಲದ ಸ್ವಯಂಸೇವಾ ಸಂಸ್ಥೆ ಅದು. ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಖಾದಿ ಸಂಘ ನಡೆಯುವ ಬಗೆಯನ್ನು ಓದುಗರು ಸ್ವಲ್ಪ ಗಮನಿಸಬೇಕು. ಹಂಜಿ ಖಾದಿ ಆಯೋಗದ ಘಟಕಗಳಿಂದ ಬರಬೇಕು. ಅಂಥದೊಂದು ಘಟಕ ನಮ್ಮ ಚಿತ್ರದುರ್ಗದಲ್ಲೇ ಇದೆ. ನೂಲುವವರ ಕೂಲಿಯನ್ನು ನಿಗದಿ ಮಾಡುವುದೂ ಆಯೋಗವೇ. ಸಾವಿರ ಮೀಟರ್ ನೂಲಿನ ಒಂದು ಲಡಿಗೆ 2023ರ ಮಾರ್ಚ್‌ವರೆಗೆ 7 ರೂಪಾಯಿ 50 ಪೈಸೆ ಇತ್ತು. ಆ ಏಪ್ರಿಲ್‌ನಿಂದ 10 ರೂಪಾಯಿ, 2024ರ ಅಕ್ಟೋಬರ್‌ನಿಂದ 12 ರೂಪಾಯಿ 50 ಪೈಸೆ, 2025ರ ಏಪ್ರಿಲ್‌ನಿಂದ 15 ರೂಪಾಯಿ. ಕೂಲಿ ಏರಿದ್ದು ನ್ಯಾಯವೇ, ಇನ್ನೂ ಏರಬೇಕು. ಹದಿನೈದು ರೂಪಾಯಿಗೆ ಇವತ್ತು ಏನು ಬರುತ್ತದೆಂದು ಸಂತೆಗೆ ಹೋಗುವವರನ್ನು ಕೇಳಿ. ಆದರೆ ಕೂಲಿ ಏರಿಸಿದ ಕೀರ್ತಿ ಸರ್ಕಾರಕ್ಕೆ, ಕೂಲಿ ಕೊಡುವ ಹೊಣೆ ಸಂಘಕ್ಕೆ. ಸಂಘ ಎಲ್ಲಿಂದ ಕೊಡಬೇಕು? ಬಟ್ಟೆ ಮಾರಿ ಕೊಡಬೇಕು. ಹಿಂದೆ ಖಾದಿಗೆ ಸರ್ಕಾರದ ರಿಯಾಯಿತಿ ಇತ್ತು. 2010ರಲ್ಲಿ ಅದನ್ನು ತೆಗೆದು ಮಾರುಕಟ್ಟೆ ಅಭಿವೃದ್ಧಿ ನೆರವು ಎಂಬ ಪದ್ಧತಿ ತಂದರು, 2016ರಲ್ಲಿ ಅದನ್ನೂ ಬದಲಿಸಿದರು. ಈ ನೆರವಿನ ಹಣ ಕೈಗೆ ಬರುವ ತನಕ ಕಾಯುವ ತಾಕತ್ತು ಸಂಘಕ್ಕೆ ಬರಬೇಕಾದದ್ದು ನಿಶ್ಚಿತ ಗಿರಾಕಿ ಇರುವ ಮಾಲಿನಿಂದ. ಧ್ವಜ ಅಂಥ ಮಾಲಾಗಿತ್ತು. ಅಂಗಿ-ಧೋತರದ ಖಾದಿ ಮಾರಿದರೆ ಮಾರೀತು, ಇಲ್ಲದಿದ್ದರೆ ಇಲ್ಲ. ಧ್ವಜ ಮಾತ್ರ ಪ್ರತಿ ಶಾಲೆಗೂ ಕಚೇರಿಗೂ ಬೇಕೇಬೇಕಿತ್ತು. ಆ ಒಂದು ಖಚಿತ ಬೇಡಿಕೆಯ ಬುಡಕ್ಕೇ 2021ರ ತಿದ್ದುಪಡಿ ಕೊಡಲಿ ಹಾಕಿತು. ತಿದ್ದುಪಡಿ ಹಿಂಪಡೆಯಿರಿ ಎಂದು ಸಂಘ 2022ರಲ್ಲೇ ಕೇಳಿತು. ಯಾರೂ ಕಿವಿಗೊಡಲಿಲ್ಲ.

ಇದಕ್ಕೆ ಬರುವ ಉತ್ತರ ನಮಗೆ ಗೊತ್ತಿದೆ. ಖಾದಿ ಧ್ವಜ ದುಬಾರಿ, ಬಡವರೂ ಧ್ವಜ ಹಾರಿಸಲಿ ಬಿಡಿ, 20 ಕೋಟಿ ಧ್ವಜವನ್ನು ತುಳಸಿಗೇರಿಯ ಮಗ್ಗ ಕೊಟ್ಟೀತೇ ಎನ್ನುತ್ತಾರೆ. ಕೊಡಲಾರದು, ಒಪ್ಪೋಣ. ಖಾದಿ ಸಂಘಗಳಲ್ಲಿ ಎಲ್ಲವೂ ನೆಟ್ಟಗಿದೆ ಎಂದೂ ನಾವು ಹೇಳುವುದಿಲ್ಲ; ಹಳೆಯ ಭಂಡಾರಗಳಲ್ಲಿ ಧೂಳು ಹಿಡಿದ ಕಪಾಟು, ಗಿರಾಕಿಯನ್ನು ಕಂಡರೆ ಸಿಡುಕುವ ನೌಕರರು ಇದ್ದೇ ಇದ್ದಾರೆ. ಆದರೆ ಜನ ಕೈಯಲ್ಲಿ ಹಿಡಿದು ಬೀಸಲು ಕಾಗದದ ಧ್ವಜಕ್ಕೆ ಸಂಹಿತೆಯಲ್ಲಿ ಮೊದಲೇ ಅವಕಾಶವಿತ್ತು. ಮನೆಗಳಿಗೆ ಬೇರೆ ಬಟ್ಟೆಗೆ ಅನುಮತಿ ಕೊಟ್ಟು, ಸರ್ಕಾರಿ ಕಚೇರಿ, ಶಾಲೆ, ಪಂಚಾಯಿತಿಗಳಿಗೆ ಖಾದಿಯನ್ನು ಉಳಿಸಬಹುದಿತ್ತು. ಹಾಗೆ ಮಾಡಲು ಒಂದು ಪೈಸೆಯೂ ಹೆಚ್ಚಿಗೆ ಖರ್ಚಾಗುತ್ತಿರಲಿಲ್ಲ. ಆ ಯೋಚನೆಯೇ ಯಾರಿಗೂ ಬರಲಿಲ್ಲವೆಂದರೆ, ಸರ್ಕಾರದ ಕಣ್ಣಿಗೆ ಧ್ವಜ ಕಂಡಿತು, ಅದನ್ನು ನೂತ ಕೈ ಕಾಣಲಿಲ್ಲ ಎಂದೇ ಅರ್ಥ.

ತುಳಸಿಗೇರಿಯಿಂದ ಇಳಕಲ್ಲಿಗೆ ಬಂದರೆ ನೂಲು ಬದಲಾಗುತ್ತದೆ, ಮಾತು ಅದೇ. ಇಲ್ಲಿಯದು ಖಾದಿಯಲ್ಲ, ಕೈಮಗ್ಗ. ಸೀರೆಯ ಒಡಲಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ, ಕೆಂಪು ಸೆರಗಿನಲ್ಲಿ ಬಿಳಿ ತೋಪು ತೆನೆ ಎತ್ತುವ ಕೆಲಸ ಒಬ್ಬರಿಂದ ಆಗುವುದಲ್ಲ. ಮನೆಮಂದಿಯೆಲ್ಲ ಕೈ ಹಾಕಬೇಕು. ಗುಳೇದಗುಡ್ಡದ ಕುಬಸದ ಖಣ, ಕಮತಗಿ, ಸೂಳೇಭಾವಿಯ ಮಗ್ಗಗಳ ಕಥೆಯೂ ಇದೇ. ಇಂಥ ನೇಕಾರರ ಮಾತನ್ನು ಕೇಂದ್ರಕ್ಕೆ ಮುಟ್ಟಿಸಲು ಅಖಿಲ ಭಾರತ ಕೈಮಗ್ಗ ಮಂಡಳಿ ಎಂಬುದೊಂದು 1992ರಿಂದ ಇತ್ತು. ಅದು ಬಲವಾದ ಸಂಸ್ಥೆಯೇನೂ ಆಗಿರಲಿಲ್ಲ. ಆದರೂ ನೇಕಾರ ಕೂತು ಮಾತಾಡಬಹುದಾದ ಕುರ್ಚಿ ಅಲ್ಲಿತ್ತು. 2020ರ ಜುಲೈ 27ರಂದು ಕೇಂದ್ರ ಸರ್ಕಾರ ಅದನ್ನು ರದ್ದು ಮಾಡಿತು. ಲಾಕ್‌ಡೌನಿನಲ್ಲಿ ಸೀರೆ ಮಾರಾಟವಾಗದೆ ಮನೆಯಲ್ಲೇ ಕೊಳೆಯುತ್ತಿದ್ದ ಕಾಲ ಅದು. ಹನ್ನೊಂದು ದಿನ ಕಳೆದು ಆಗಸ್ಟ್ 7ಕ್ಕೆ ರಾಷ್ಟ್ರೀಯ ಕೈಮಗ್ಗ ದಿನದ ಶುಭಾಶಯಗಳು ಬಂದವು. ಕೈಮಗ್ಗದ ದಿನ ಉಳಿಯಿತು, ಕೈಮಗ್ಗದವರ ಮಂಡಳಿ ಹೋಯಿತು!

2009-10ರ ಗಣತಿಯಲ್ಲಿ ದೇಶದ ಕೈಮಗ್ಗ ಕಾರ್ಮಿಕರು 43.31 ಲಕ್ಷ ಇದ್ದರು. 2019-20ರ ಗಣತಿಯಲ್ಲಿ 35.22 ಲಕ್ಷ. ನಡುವೆ 2017ರಲ್ಲಿ ಜಿಎಸ್‌ಟಿ ಬಂತು. ಹತ್ತಿ ನೂಲಿನ ಮೇಲೂ ನೇಯ್ದ ಬಟ್ಟೆಯ ಮೇಲೂ ಶೇ. 5. ದೊಡ್ಡ ಗಿರಣಿಗೆ ಲೆಕ್ಕ ಬರೆಯಲು ಆಳುಗಳಿದ್ದಾರೆ. ನೇಕಾರರ ಸಹಕಾರ ಸಂಘದ ಕಾರ್ಯದರ್ಶಿ ನೂಲು ಹಂಚುವುದೋ, ರಿಟರ್ನ್ ತುಂಬುವುದೋ?

ನೇಕಾರಿಕೆಯ ಹೊರಗಿರುವ ಸಂಸ್ಥೆಗಳೂ ಬಚಾವಾಗಿಲ್ಲ. 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ಹೊಳೆಸಾಲಿನ ಹಳ್ಳಿಗಳು ಮುಳುಗಿದಾಗ ಗಂಜಿ, ಚಾಪೆ, ಔಷಧಿ ಹೊತ್ತು ಓಡಾಡುವವರು ಯಾರೆಂಬುದನ್ನು ಜನ ಕಂಡಿದ್ದಾರೆ. ಸಣ್ಣ ಸಂಸ್ಥೆಗಳಿಗೆ ಹಣ ಬರುತ್ತಿದ್ದ ದಾರಿಗಳಲ್ಲಿ ಒಂದು, ದೊಡ್ಡ ಸಂಸ್ಥೆಗಳು ವಿದೇಶಿ ದೇಣಿಗೆ ಪಡೆದು ಕೆಳಕ್ಕೆ ಹಂಚುವುದು. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ವಂತಿಗೆ ಕಾಯ್ದೆಗೆ ತಂದ ತಿದ್ದುಪಡಿ ಹಾಗೆ ಹಂಚುವುದನ್ನೇ ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ಹಣ ಮೊದಲು ದೆಹಲಿಯ ಒಂದೇ ಒಂದು ಬ್ಯಾಂಕ್ ಶಾಖೆಗೆ ಬೀಳಬೇಕೆಂದಿತು. ಕಳ್ಳರನ್ನು ಹಿಡಿಯಲಿ, ಬೇಡವೆಂದವರಾರು? ಆದರೆ ಬಾದಾಮಿಯ ಹಳ್ಳಿಯಲ್ಲಿ ಮನೆ ಮನೆ ತಿರುಗುವ ಕಾರ್ಯಕರ್ತೆಯ ಸಂಬಳ 'ಆಡಳಿತ ವೆಚ್ಚ' ಎಂಬ ಖಾನೆಗೆ ಬಿದ್ದರೆ ಮೊದಲು ಮನೆಗೆ ಹೋಗುವವಳು ಅವಳೇ.

ಅಲ್ಪಸಂಖ್ಯಾತರ ಮಾತು ಎತ್ತಿದರೆ ಓಲೈಕೆ ಎನ್ನುವವರಿಗೆ ಬಜೆಟ್ ಪುಸ್ತಕವನ್ನೇ ತೋರಿಸೋಣ. ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯಕ್ಕೆ 2022-23ರಲ್ಲಿ 5,020 ಕೋಟಿ ರೂಪಾಯಿ, ಮರು ವರ್ಷ 3,097 ಕೋಟಿ. ಒಂದನೆಯಿಂದ ಎಂಟನೆಯ ತರಗತಿವರೆಗಿನ ವಿದ್ಯಾರ್ಥಿವೇತನ 2022ರಲ್ಲೇ ನಿಂತಿತ್ತು. ಮಕ್ಕಳ ಅರ್ಜಿ ತುಂಬಿಸಿ, ಆದಾಯ ಪತ್ರಕ್ಕೆ ಓಡಾಡಿಸಿ, ಹಾಗೆಯೇ ತಂದೆ-ತಾಯಿಯನ್ನು ಶಾಲೆಯ ಬಾಗಿಲಿಗೆ ಕರೆತರುತ್ತಿದ್ದ ಊರ ಕಮಿಟಿಗಳ ಕೈಯಿಂದ ಅರ್ಜಿಯನ್ನೇ ಕಸಿದುಕೊಂಡಂತಾಯಿತು.

ಸರ್ಕಾರದ ಹಣವಿಲ್ಲದೆಯೂ ಸಮಾಜಸೇವೆ ಸಾಧ್ಯ ಎಂದು ಕೆಲವರು ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳನ್ನು ಮುಂದಿಡುತ್ತಾರೆ. ನಿಜ. ಅವರು ಜೋಳಿಗೆ ಹಿಡಿದು ಊರೂರು ತಿರುಗಿ ಬೇಡಿದ್ದು ಹಣವನ್ನಲ್ಲ, ಜನರ ಕುಡಿತ-ತಂಬಾಕಿನ ಚಟಗಳನ್ನು. ಜಾತಿ-ಮತ ನೋಡದೆ ಜನ ಆ ಜೋಳಿಗೆ ತುಂಬಿದರು. ಆ ದೊಡ್ಡ ಕೆಲಸಕ್ಕೆ ನಾವು ತಲೆಬಾಗುತ್ತೇವೆ. ಆದರೆ ಚಟ ಬಿಡಿಸುವ ಜೋಳಿಗೆಯಲ್ಲಿ ಲಡಿಯ ಕೂಲಿ ಹುಟ್ಟುವುದಿಲ್ಲ. ಸಂತರ ತ್ಯಾಗವನ್ನು ತೋರಿಸಿ ಸರ್ಕಾರ ತನ್ನ ಬಾಕಿ ತಪ್ಪಿಸಿಕೊಳ್ಳುವಂತಿಲ್ಲ.

ಕೇಂದ್ರ ತಿದ್ದುಪಡಿ ಹಿಂಪಡೆಯಲೇಬೇಕು, ಅದಕ್ಕಾಗಿ ಒತ್ತಾಯ ನಡೆಯಲಿ. ಅಲ್ಲಿಯವರೆಗೆ ಬೆಂಗಳೂರು ಕೈಕಟ್ಟಿ ಕೂರಬೇಕಾಗಿಲ್ಲ. ಬದಲಾದ ಸಂಹಿತೆ ಪಾಲಿಯೆಸ್ಟರನ್ನು ಒಪ್ಪುತ್ತದೆಯೇ ಹೊರತು ಕಡ್ಡಾಯ ಮಾಡಿಲ್ಲ. ರಾಜ್ಯದ ಪ್ರತಿ ಸರ್ಕಾರಿ ಶಾಲೆ, ಪಂಚಾಯಿತಿ, ಠಾಣೆ, ಆಸ್ಪತ್ರೆ ಖಾದಿ ಧ್ವಜವನ್ನೇ ಕೊಳ್ಳಬೇಕೆಂದು ರಾಜ್ಯ ಸರ್ಕಾರ ಒಂದು ಸುತ್ತೋಲೆ ಹೊರಡಿಸಿ, ಮುಂಗಡ ಹಣವನ್ನು ಏಪ್ರಿಲ್‌ನಲ್ಲೇ ಸಂಘಕ್ಕೆ ಕಟ್ಟಲಿ. ಆಗಸ್ಟ್ ಬಂದ ಮೇಲೆ ಹಣ ಕೊಟ್ಟರೆ ನೂಲುವುದಕ್ಕೆ ಹೊತ್ತಿರುವುದಿಲ್ಲ.