ಕಾಯಿಲೆಯೋ, ಕೊಬ್ಬೋ?

ಸಂಜೆ ಆರರ ಬಸ್ಸು. ಫುಟ್‌ಬೋರ್ಡಿನ ತನಕ ಜನ. ನಡುವೆ ಎಲ್ಲೋ ಒಬ್ಬಾಕೆ ತಿರುಗಿ ನಿಂತು ಗದರುತ್ತಾಳೆ: 'ಏನ್ರೀ, ನೆಟ್ಟಗೆ ನಿಂತ್ಕೊಳ್ಳೋಕೆ ಆಗಲ್ವಾ?' ಆ ಮನುಷ್ಯ ಏನೂ ಗೊತ್ತಿಲ್ಲದವನ ಹಾಗೆ ಕಿಟಕಿ ಕಡೆ ನೋಡುತ್ತಾನೆ. ಕಂಡಕ್ಟರು 'ಮುಂದೆ ಹೋಗಿ, ಮುಂದೆ ಹೋಗಿ' ಅನ್ನುತ್ತಾನೆ. ಜಗಳ ಜೋರಾದರೆ ಬಸ್ಸು ನಿಲ್ಲುತ್ತೆ, ನಾಲ್ಕು ಏಟು ಬೀಳುತ್ತೆ. ಆಗ ಯಾರಾದರೂ ಹಿರಿಯರು ಅಡ್ಡ ಬಂದು ಒಂದು ಮಾತು ಹೇಳೇ ಹೇಳುತ್ತಾರೆ: 'ಬಿಡ್ರಪ್ಪಾ, ಅವನಿಗೇನೋ ತಲೆ ಕೆಟ್ಟಿರಬೇಕು.'

ಪ್ರಶ್ನೆ ಇರೋದು ಈ ಮಾತಿನಲ್ಲೇ. ತಲೆ ಕೆಟ್ಟಿದೆಯೋ ಇಲ್ಲವೋ ಅಂತ ತೀರ್ಮಾನಿಸುವವರು ಯಾರು? ಯಾವ ಅಳತೆಗೋಲಿನಿಂದ?

ಅಳತೆಗೋಲು ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಗೆ ಐಸಿಡಿ ಅಂತ ಹೆಸರು. ಅದರ 11ನೇ ಆವೃತ್ತಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಜನವರಿ 1ರಿಂದ ಜಾರಿಗೆ ಬಂತು. ಅಮೆರಿಕದ ಮನೋವೈದ್ಯರ ಸಂಘದ್ದು ಇನ್ನೊಂದು ಪುಸ್ತಕ, ಡಿಎಸ್‌ಎಂ. ಅದರ 5ನೇ ಆವೃತ್ತಿ 2013ರಲ್ಲಿ ಬಂತು. ಭಾರತದ 2017ರ ಮಾನಸಿಕ ಆರೋಗ್ಯ ಕಾಯಿದೆ, ಮನೋರೋಗವನ್ನು ಐಸಿಡಿಯಂಥ ಒಪ್ಪಿತ ಅಳತೆಯಿಂದಲೇ ತೀರ್ಮಾನಿಸಬೇಕು ಅನ್ನುತ್ತೆ. ಅಂದಮೇಲೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೂ ಅದೇ ಅಳತೆ.

ಡಾಕ್ಟರು ಕೇಳುವುದೇನು?

ಲೈಂಗಿಕ ಆಸೆ ದಾರಿ ಬಿಟ್ಟು ಹೋಗುವುದಕ್ಕೆ ಪುಸ್ತಕದಲ್ಲಿ 'ಪ್ಯಾರಾಫಿಲಿಕ್ ಡಿಸಾರ್ಡರ್' ಅನ್ನೋ ಹೆಸರಿದೆ. ಗುಂಪಿನಲ್ಲಿ ಮೈ ಉಜ್ಜುವುದು, ಕದ್ದು ನೋಡುವುದು, ಬೀದಿಯಲ್ಲಿ ಬಟ್ಟೆ ಸರಿಸಿ ತೋರಿಸುವುದು, ಮಕ್ಕಳ ಮೇಲಿನ ಆಸೆ, ಒಪ್ಪದವರನ್ನು ಹಿಂಸಿಸಿ ಸುಖಪಡುವುದು: ಇವು ಐಸಿಡಿ ಹೆಸರಿಟ್ಟು ಹೇಳುವ ಐದು. ಎಲ್ಲಕ್ಕೂ ಸಮಾನವಾದದ್ದು ಒಂದೇ. ಎದುರಿಗಿರುವವರು ಒಪ್ಪಿಲ್ಲ, ಅಥವಾ ಒಪ್ಪುವ ವಯಸ್ಸು, ಸ್ಥಿತಿ ಅವರಿಗಿಲ್ಲ.

ಆದರೆ ಒಂದು ಸಲ ಸಿಕ್ಕಿಬಿದ್ದ ಮಾತ್ರಕ್ಕೆ ಈ ಹೆಸರು ಅಂಟಿಸುವ ಹಾಗಿಲ್ಲ. ಆ ಆಸೆ ಬಿಡದೆ ಕಾಡಬೇಕು, ತೀವ್ರವಾಗಿರಬೇಕು. ಜತೆಗೆ, ಅವನು ಅದರಂತೆ ನಡೆದುಕೊಂಡಿರಬೇಕು, ಇಲ್ಲವೇ ಅದರಿಂದ ಒಳಗೊಳಗೇ ಬಹಳ ನರಳುತ್ತಿರಬೇಕು. ಅಮೆರಿಕದ ಪುಸ್ತಕ ಕನಿಷ್ಠ 6 ತಿಂಗಳು ಅಂತ ಗೆರೆ ಹಾಕಿದೆ. ಐಸಿಡಿ ತಿಂಗಳ ಲೆಕ್ಕ ಹಾಕದೆ ಡಾಕ್ಟರ ವಿವೇಕಕ್ಕೆ ಬಿಟ್ಟಿದೆ.

ಆಮೇಲೆ ಬೇರೆ ಕಾರಣ ಇದೆಯೇ ಅಂತ ನೋಡಬೇಕು. ಮರ್ಯಾದೆಯಿಂದ ಬಾಳಿದ ಎಪ್ಪತ್ತರ ಅಜ್ಜ ಇದ್ದಕ್ಕಿದ್ದಂತೆ ಬೀದಿಯಲ್ಲಿ ಪಂಚೆ ಬಿಚ್ಚಿದರೆ ಅದು ಮೆದುಳು ಸವೆಯುವ ಕಾಯಿಲೆ ಇರಬಹುದು. ಉನ್ಮಾದದ ರೋಗಿ ಹಾಗೆ ಮಾಡಬಹುದು, ಕುಡಿದವನೂ ಮಾಡಬಹುದು. ಇನ್ನು ಕೆಲವರಿಗೆ ಯಾವ ಕಾಯಿಲೆಯೂ ಇರಲ್ಲ. ರಶ್ ಇತ್ತು, ಯಾರೂ ಕೇಳಲ್ಲ ಅನ್ನೋ ಧೈರ್ಯ ಇತ್ತು, ಕೈ ಹಾಕಿದ. ಅದಕ್ಕೆ ವೈದ್ಯರ ಪುಸ್ತಕದಲ್ಲಿ ಹೆಸರು ಹುಡುಕಬೇಕಾಗಿಲ್ಲ. ಊರಿನ ಮಾತಿನಲ್ಲೇ ಇದೆ: ಕೊಬ್ಬು.

ತೊಡಕು ಇರೋದು ಇಲ್ಲೇ. ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇದೆ, ಮೂಳೆ ಮುರಿದರೆ ಎಕ್ಸ್‌ರೇ ಇದೆ. ಇದಕ್ಕೆ ಹಾಗೆ ತೆಗೆದು ತೋರಿಸುವ ಪರೀಕ್ಷೆ ಇಲ್ಲ. ಎದುರಿಗೆ ಕೂತವನ ಬಾಯಿಮಾತೇ ಮುಖ್ಯ ಆಧಾರ. ಪೊಲೀಸರು ಕರೆತಂದವನು 'ಅಂಥದ್ದೇನೂ ಇಲ್ಲ ಸಾರ್' ಅನ್ನುತ್ತಾನೆ. ವಕೀಲರು ಹೇಳಿಕೊಟ್ಟಿದ್ದರೆ 'ಕಾಯಿಲೆ ಇದೆ ಸಾರ್' ಅನ್ನುತ್ತಾನೆ. ಆದ್ದರಿಂದ ಡಾಕ್ಟರು ಹಿಂದಿನ ಕೇಸುಗಳನ್ನೂ, ಮನೆಯವರ ಮಾತನ್ನೂ ಜೋಡಿಸಿ ನೋಡಬೇಕು. 'ತೀವ್ರ' ಅನ್ನೋ ಮಾತನ್ನು ಇಬ್ಬರು ಡಾಕ್ಟರು ಎರಡು ಥರ ತೂಗಬಹುದು. ಮೀಸೆ ಚಿಗುರುವ ವಯಸ್ಸಿನ ಹುಡುಗರ ವಿಷಯದಲ್ಲಂತೂ ಆತುರ ಕೂಡದು. ಕದ್ದು ನೋಡುವ ರೋಗದ ಹೆಸರನ್ನು 18 ತುಂಬದವರಿಗೆ ಅಮೆರಿಕದ ಪುಸ್ತಕ ಕೊಡುವುದೇ ಇಲ್ಲ.

ಪಟ್ಟಿಯಿಂದ ಹೊರಬಿದ್ದವರು

ಈ ಅಳತೆಯಿಂದ ಇನ್ನೊಂದು ಉಪಕಾರ ಆಗಿದೆ. ಯಾರಿಗೂ ತೊಂದರೆ ಕೊಡದ, ಆದರೆ ವಿಚಿತ್ರ ಅನ್ನಿಸುವ ಆಸೆ ಇರುವವರು ಹಿಂದೆ ರೋಗಿಗಳ ಪಟ್ಟಿಯಲ್ಲಿದ್ದರು. ಯಾವುದೋ ವಸ್ತುವಿನ ಮೇಲೆ ಮೋಹ ಅಂತ ಇಟ್ಟುಕೊಳ್ಳಿ. ಐಸಿಡಿ 11ರಲ್ಲಿ ಅದಕ್ಕೆ ರೋಗದ ಹೆಸರಿಲ್ಲ. ಅವರಿಗೇ ತಾಳಲಾರದ ಸಂಕಟ ಇದ್ದರೆ, ಅಥವಾ ಜೀವಕ್ಕೆ ಅಪಾಯ ಇದ್ದರೆ ಮಾತ್ರ ರೋಗ. ಆ ಸಂಕಟವೂ ಬರೀ 'ಜನ ಏನಂತಾರೋ' ಅನ್ನೋ ಭಯದಿಂದ ಹುಟ್ಟಿದ್ದಾಗಿರಬಾರದು.

ಪುಸ್ತಕ ತಪ್ಪು ತಿದ್ದಿಕೊಂಡಿದ್ದು ಇದೇ ಮೊದಲಲ್ಲ. ಸಲಿಂಗ ಪ್ರೇಮವನ್ನು ಅಮೆರಿಕದ ವೈದ್ಯರು ರೋಗ ಅಲ್ಲ ಅಂದಿದ್ದು 1973ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 1990ರಲ್ಲಿ. ನಮ್ಮ ಸುಪ್ರೀಂ ಕೋರ್ಟು ಅದು ಅಪರಾಧವಲ್ಲ ಅಂದಿದ್ದು 2018ರಲ್ಲಿ. ಜನರ ರೀತಿ ನೀತಿಗೆ ಒಪ್ಪಲಿಲ್ಲ ಅನ್ನುವ ಕಾರಣಕ್ಕೆ ಒಬ್ಬರನ್ನು ಮನೋರೋಗಿ ಅನ್ನುವಂತಿಲ್ಲ ಅಂತ 2017ರ ಕಾಯಿದೆಯಲ್ಲೇ ಬರೆದಿದೆ. ಬಸ್‌ಸ್ಟ್ಯಾಂಡಿನ ಗೋಡೆ ಮೇಲೆ 'ಗುಪ್ತರೋಗ' ಅಂತ ಬೋರ್ಡು ಹಾಕಿ ದುಡ್ಡು ಕೀಳುವವರು ಮಾತ್ರ ಈ ಕಾಯಿದೆ ಓದಿದಂತೆ ಕಾಣುವುದಿಲ್ಲ.

ಚೀಟಿ ತೋರಿಸಿದರೆ ಬಿಡುಗಡೆಯೇ?

ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಪ್ರಕಾರ, ಬುದ್ಧಿ ಸ್ವಾಧೀನ ಇಲ್ಲದೆ ತಾನು ಮಾಡುವುದು ಏನು, ಅದು ತಪ್ಪು ಅನ್ನುವುದೇ ತಿಳಿಯದ ಸ್ಥಿತಿಯಲ್ಲಿ ಇದ್ದವನಿಗೆ ಮಾತ್ರ ವಿನಾಯಿತಿ. ಕಂಡಕ್ಟರು ಈ ಕಡೆ ತಿರುಗಿದಾಗ ಕೈ ಹಿಂದಕ್ಕೆ ಎಳೆದುಕೊಳ್ಳುವವನಿಗೆ ತಪ್ಪು ಅಂತ ಚೆನ್ನಾಗೇ ಗೊತ್ತು. ಡಾಕ್ಟರ ಪಟ್ಟಿಯ ರೋಗವೇ ಬೇರೆ, ಕೋರ್ಟು ಒಪ್ಪುವ ಹುಚ್ಚೇ ಬೇರೆ. ಹೆಣ್ಣಿನ ಮಾನಭಂಗಕ್ಕೆ ಕೈ ಮಾಡಿದವನಿಗೆ 74ನೇ ಕಲಂನಲ್ಲಿ 1ರಿಂದ 5 ವರ್ಷ ಜೈಲು. ಬಟ್ಟೆ ಅಂಗಡಿಯ ಟ್ರಯಲ್ ರೂಮಿನಲ್ಲಿ ಮೊಬೈಲು ಇಟ್ಟು ಕದ್ದು ನೋಡಿದವನಿಗೆ 77ನೇ ಕಲಂನಲ್ಲಿ ಮೊದಲ ಸಲ 1ರಿಂದ 3 ವರ್ಷ, ಮತ್ತೆ ಮಾಡಿದರೆ 3ರಿಂದ 7 ವರ್ಷ. ಅಂಗಡಿಯವರು ದಿನಕ್ಕೊಮ್ಮೆ ಆ ಕೋಣೆಯ ಮೂಲೆ, ಮೊಳೆ, ಕನ್ನಡಿ ನೋಡಿಕೊಳ್ಳುವುದು ಒಳ್ಳೆಯದು.

ಹಾಗಂತ ಕಾಯಿಲೆ ಅನ್ನೋ ಮಾತೇ ಸುಳ್ಳಲ್ಲ. ಇಂಥ ಆಸೆ ಬಂದು, ಅದಕ್ಕೆ ಹೆದರಿ, ಯಾರ ಮೈ ಮುಟ್ಟದೆ ನರಳುವವರೂ ಇದ್ದಾರೆ. ಮಾತಿನ ಚಿಕಿತ್ಸೆ ಇದೆ, ಮಾತ್ರೆ ಇದೆ. ಹೇಳಿಕೊಂಡದ್ದನ್ನು ಗುಟ್ಟಾಗಿಡುವುದು ಡಾಕ್ಟರ ಕರ್ತವ್ಯ. ಆದರೆ ಮಗುವಿಗೆ ಕೇಡು ಮಾಡಿದ್ದು ತಿಳಿದರೆ 2012ರ ಪೋಕ್ಸೊ ಕಾಯಿದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಕೇಡು ಆಗುವುದಕ್ಕೆ ಮುಂಚೆ ಹೋಗುವುದೇ ಜಾಣತನ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಬಸ್ಸಿನಲ್ಲಿ ಹೆಂಗಸರು ಹೆಚ್ಚಾಗಿದ್ದಾರೆ, ನೂಕುನುಗ್ಗಲೂ ಹೆಚ್ಚಿದೆ. ಹಿಂದೆ ನಿಂತವನದು ಕಾಯಿಲೆಯೋ ಕೊಬ್ಬೋ ಅಂತ ಪತ್ತೆ ಮಾಡುವುದು ಆಕೆಯ ಕೆಲಸ ಅಲ್ಲ, ಅಡ್ಡ ಬರುವ ಹಿರಿಯರದ್ದೂ ಅಲ್ಲ. ಅದಕ್ಕೆ ಡಾಕ್ಟರು ಇದ್ದಾರೆ, ಕೋರ್ಟು ಇದೆ. ಏಟೂ ಬೇಡ, ಕನಿಕರವೂ ಬೇಡ. ಬಸ್ಸು ಠಾಣೆ ಮುಂದೆ ನಿಂತರೆ ಸಾಕು.