ಮಿದುಳಿನ ದಾನ: ಭಕ್ತರು ಮನೆಯಲ್ಲಿ ಮಾತನಾಡಬೇಕಾದ ವಿಚಾರ

ನೇತ್ರದಾನದ ಮಾತೆತ್ತಿದರೆ ಹೊಸಹಳ್ಳಿ, ವಿಜಯನಗರ ಭಾಗದ ಸದ್ಭಕ್ತರು ಈಗ ಅಷ್ಟಾಗಿ ಹಿಂಜರಿಯುವುದಿಲ್ಲ. ಮಿದುಳಿನ ದಾನವೆಂದರೆ ಮಾತ್ರ ಮೌನವಾಗುತ್ತಾರೆ. ಕಣ್ಣನ್ನಾದರೆ ಇನ್ನೊಬ್ಬರಿಗೆ ಜೋಡಿಸುತ್ತಾರೆ, ಮಿದುಳನ್ನು ಪಡೆದು ಏನು ಮಾಡುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ನಗರದ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮಾನವ ಮಿದುಳಿನ ಬ್ಯಾಂಕ್ ಇರುವುದರಿಂದ ಇದಕ್ಕೆ ಉತ್ತರ ತಿಳಿದಿರುವುದು ಒಳಿತೆಂದು ನಾವು ಭಾವಿಸುತ್ತೇವೆ.

ಉತ್ತರದ ಒಂದು ಭಾಗವನ್ನಷ್ಟೇ ಇಲ್ಲಿ ಹೇಳುತ್ತೇವೆ. ನರಕೋಶಗಳು ಪರಸ್ಪರ ಸಂದೇಶ ಕಳಿಸಲು ಬಳಸುವ ವಸ್ತುಗಳಲ್ಲಿ ನ್ಯೂರೋಪೆಪ್ಟೈಡ್‌ಗಳು ಒಂದು ಬಗೆ. ಇವು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಚಿಕ್ಕ ಸರಗಳು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್, ಹ್ಯಾನ್ಸ್ ಕೋಸ್ಟರ್‌ಲಿಟ್ಜ್ ಮತ್ತು ಸಂಗಡಿಗರು ಹಂದಿಯ ಮಿದುಳಿನಿಂದ ಬೇರ್ಪಡಿಸಿದ, ನೋವು ತಗ್ಗಿಸುವ ಎನ್‌ಕೆಫಾಲಿನ್‌ಗಳಲ್ಲಿ ಇದ್ದದ್ದು ಐದೇ ಮಣಿಗಳು. ಸಂದೇಶ ಮುಟ್ಟಿದ ಮೇಲೆ ಸರ ಉಳಿಯಬಾರದು. ಅದನ್ನು ತುಂಡರಿಸಲು ಕಿಣ್ವಗಳಿವೆ. ಒಂದು ಕಿಣ್ವ ಮೊದಲ ಮಣಿಯನ್ನು ಕಳಚುತ್ತದೆ. ನೆಪ್ರಿಲೈಸಿನ್ ಎಂಬ ಇನ್ನೊಂದು, ಮೂರನೆಯ ಮತ್ತು ನಾಲ್ಕನೆಯ ಮಣಿಗಳ ನಡುವೆ ಕತ್ತರಿಸುತ್ತದೆ.

ಇಷ್ಟು ಸಣ್ಣ ತುಂಡುಗಳನ್ನು ಗುರುತಿಸುವುದು ಹೇಗೆ? ಒದ್ದೆ ಕಾಗದದ ಮೇಲೆ ಶಾಯಿಯ ಚುಕ್ಕೆ ಹರಡಿ ಬೇರೆ ಬೇರೆ ಬಣ್ಣಗಳಾಗುವುದನ್ನು ಶಾಲೆಯ ಮಕ್ಕಳೂ ಬಲ್ಲರು. ಕ್ರೊಮ್ಯಾಟೋಗ್ರಫಿಯ ತತ್ತ್ವ ಅದೇ. ಮಿದುಳಿನ ಅಂಗಾಂಶವನ್ನು ಅರೆದ ದ್ರಾವಣಕ್ಕೆ ಪೆಪ್ಟೈಡನ್ನು ಸೇರಿಸಿ 37 ಡಿಗ್ರಿ ಉಷ್ಣತೆಯಲ್ಲಿ ಇಡುತ್ತಾರೆ. ನಿಗದಿತ ಹೊತ್ತಿಗೊಮ್ಮೆ ಸ್ವಲ್ಪ ತೆಗೆದು, ಆಮ್ಲ ಬೆರೆಸಿ ಕಿಣ್ವದ ಕೆಲಸವನ್ನು ನಿಲ್ಲಿಸುತ್ತಾರೆ. ಅದನ್ನು ನುಣುಪಾದ ಸಿಲಿಕಾ ಕಣಗಳನ್ನು ತುಂಬಿದ ಉಕ್ಕಿನ ಕೊಳವೆಯ ಮೂಲಕ ಅಧಿಕ ಒತ್ತಡದಲ್ಲಿ ಹಾಯಿಸಿದಾಗ ಒಂದೊಂದು ತುಂಡೂ ತನ್ನ ಸಮಯಕ್ಕೆ ಹೊರಬರುತ್ತದೆ. ಯಾವ ತುಂಡು ಎಷ್ಟು ಬಂದಿತೆಂಬುದರಿಂದ ಸರ ಎಲ್ಲಿ, ಎಷ್ಟು ವೇಗವಾಗಿ ಕಡಿಯಿತೆಂದು ತಿಳಿಯುತ್ತದೆ.

ಇದು ಬರಿಯ ಕುತೂಹಲವಲ್ಲ. ಮಕ್ಕಳ ಭೇದಿಗೆ ಕೊಡುವ ರೇಸಕಡೋಟ್ರಿಲ್, ಹೃದಯ ವೈಫಲ್ಯಕ್ಕೆ ಕೊಡುವ ಸ್ಯಾಕುಬಿಟ್ರಿಲ್ ಎರಡೂ ನೆಪ್ರಿಲೈಸಿನ್ನನ್ನು ತಡೆಯುವ ಔಷಧಗಳೇ. ಅಲ್ಜೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಬೀಟಾವನ್ನು ಒಡೆಯುವ ಕಿಣ್ವಗಳಲ್ಲಿಯೂ ನೆಪ್ರಿಲೈಸಿನ್ ಒಂದು. (ಇದನ್ನೋದಿ ಗಾಬರಿಗೊಂಡು ಯಾರೂ ಹೃದಯದ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಸಂದೇಹವಿದ್ದರೆ ವೈದ್ಯರನ್ನು ಕೇಳಬೇಕು.) ಎನ್‌ಕೆಫಾಲಿನ್ ಹುಡುಕಲು ಹಂದಿಯ ಮಿದುಳು ಸಾಕಾಯಿತು. ಮನುಷ್ಯರ ಮರೆವಿನ ಕಾಯಿಲೆಯನ್ನು ಅರಿಯಲು ಮನುಷ್ಯರ ಮಿದುಳೇ ಬೇಕು. ರೋಗಿಗಳದು ಮಾತ್ರವಲ್ಲ, ಹೋಲಿಸಿ ನೋಡಲು ಆ ಕಾಯಿಲೆ ಇಲ್ಲದವರದೂ ಬೇಕು.

ಕಿಣ್ವಗಳು ಸಾವಿನ ಬಳಿಕವೂ ಕೆಲಕಾಲ ಕತ್ತರಿಸುತ್ತಲೇ ಇರುತ್ತವೆ. ಆದ್ದರಿಂದ ತಡವಾದಷ್ಟೂ ಇಂಥ ಅಧ್ಯಯನಕ್ಕೆ ಮಿದುಳಿನ ಬೆಲೆ ಕಡಿಮೆಯಾಗುತ್ತದೆ. ಪರವೂರಿನ ಬಂಧುಗಳಿಗಾಗಿ ಕಾಯುವ ಆ ಹೊತ್ತಿನಲ್ಲಿ ಯಾವ ಮನೆಯೂ ಹೊಸ ನಿರ್ಧಾರ ಕೈಗೊಳ್ಳಲಾರದು. ಹಿರಿಯರು ಚೆನ್ನಾಗಿರುವಾಗಲೇ ತಮ್ಮ ಇಚ್ಛೆಯನ್ನು ಮಕ್ಕಳಿಗೆ ತಿಳಿಸಿರಬೇಕು. ಕೊನೆಗೆ ಅದನ್ನು ನಡೆಸಿಕೊಡಬೇಕಾದವರು ಅವರೇ.

ನಮ್ಮವರ ಮುಖ್ಯ ಅಳುಕು ಸಮಾಧಿಕ್ರಿಯೆಯದು. ಕೂದಲಿನ ಮರೆಯಲ್ಲಿ ಛೇದಿಸಿ, ಮಿದುಳನ್ನು ತೆಗೆದು ಮತ್ತೆ ಹೊಲಿಯುವುದರಿಂದ ಮುಖ ಕೆಡುವುದಿಲ್ಲ. ವಿಭೂತಿಧಾರಣೆಗಾಗಲಿ, ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವುದಕ್ಕಾಗಲಿ ಅಡ್ಡಿಯಿಲ್ಲ. ಹೀಗಿರುವಾಗ ಹಿಂಜರಿಕೆಗೆ ಶಾಸ್ತ್ರದ ಕಾರಣವಿಲ್ಲ, ಇರುವುದು ಅಭ್ಯಾಸದ ಕಾರಣವೆಂಬುದು ನಮ್ಮ ಅಭಿಪ್ರಾಯ. ಯಾವ ಸಂದರ್ಭದಲ್ಲಿ ದಾನವನ್ನು ಸ್ವೀಕರಿಸುತ್ತಾರೆ, ಯಾವ ಪತ್ರಗಳು ಬೇಕು ಎಂಬುದನ್ನು ನಿಮ್ಹಾನ್ಸ್‌ನ ನ್ಯೂರೋಪೆಥಾಲಜಿ ವಿಭಾಗದಲ್ಲಿ ಮುಂಚಿತವಾಗಿಯೇ ವಿಚಾರಿಸಬಹುದು.