ದರ ಕಟ್ಟುವವರನ್ನು ಆರಿಸುವವರು ಯಾರು?



ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಕರೆಂಟು, ಗ್ಯಾಸು ಮುಂತಾದವುಗಳ ದರವನ್ನು ನಿಶ್ಚಯಿಸುವ ಆಯೋಗಕ್ಕೆ ಐವರು ಸದಸ್ಯರಿದ್ದರು. ಐದು ಕ್ಷೇತ್ರಗಳ ಜನರೇ ಅವರನ್ನು ಓಟು ಹಾಕಿ ಆರಿಸುತ್ತಿದ್ದರು. 2020ರ ನವೆಂಬರಿನಲ್ಲಿ ಆ ಜನರ ಮುಂದೆ ಒಂದು ಪ್ರಶ್ನೆ ಬಂತು: ಈ ಚುನಾವಣೆಯನ್ನೇ ಬಿಟ್ಟು, ಒಂದು ಸಮಿತಿ ಕೊಡುವ ಪಟ್ಟಿಯಿಂದ ಗವರ್ನರರು ಮೂವರನ್ನು ನೇಮಿಸಬಹುದೇ? (ಅಲ್ಲಿನ ಗವರ್ನರರು ನಮ್ಮ ರಾಜ್ಯಪಾಲರಂತಲ್ಲ, ಜನರೇ ಆರಿಸಿದವರು.) ನೂರಕ್ಕೆ ಸುಮಾರು 56 ಮಂದಿ ಆಗಬಹುದೆಂದರು. 2023ರ ಜನವರಿಯಿಂದ ನೇಮಕದ ಆಯೋಗವೇ ನಡೆಯುತ್ತಿದೆ.

ಲೆಕ್ಕ ಬಲ್ಲವರು ಬೇಕೆಂಬುದು ಒಂದು ವಾದ. ಅದನ್ನು ತಳ್ಳಿಹಾಕಲಾಗದು, ಚುನಾವಣೆಗೆ ಹಣ ಬೇಕು, ಹಣ ಯಾರಲ್ಲಿದೆಯೆಂದು ನಮಗೆ ಗೊತ್ತು. ಆದರೆ ಆ ರಾಜ್ಯದ ವಾಯವ್ಯ ಭಾಗದಲ್ಲಿ ನವಾಹೊ ಮೊದಲಾದ ಮೂಲನಿವಾಸಿಗಳು ಹೆಚ್ಚು. ಅವರ ಕೈಯಲ್ಲಿದ್ದ ಓಟು ಹೋಯಿತು. ಆ ನಷ್ಟವನ್ನು ಸಣ್ಣದೆನ್ನಲು ನಮಗೆ ಮನಸ್ಸು ಬರುವುದಿಲ್ಲ.

ನಮ್ಮ ದೇಶದಲ್ಲಿ ಇಂಥ ಓಟು ಎಂದೂ ಇರಲಿಲ್ಲ. 2003ರ ವಿದ್ಯುತ್ ಕಾಯಿದೆಯಂತೆ, ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರೊಬ್ಬರ ಅಧ್ಯಕ್ಷತೆಯಲ್ಲಿ ಮೂವರ ಸಮಿತಿ ಹೆಸರುಗಳನ್ನು ಸೂಚಿಸುತ್ತದೆ, ರಾಜ್ಯ ಸರಕಾರ ನೇಮಿಸುತ್ತದೆ. ಆ ಮೂವರಲ್ಲಿ ಮುಖ್ಯ ಕಾರ್ಯದರ್ಶಿಯೂ ಒಬ್ಬರು. ಕೇರಳವಾಗಲಿ ತಮಿಳುನಾಡಾಗಲಿ, ಎಲ್ಲಿಯೂ ಇದೇ ಕ್ರಮ. ವಿದ್ಯುತ್ ಮಂಡಳಿ ಸರಕಾರದ್ದೇ ಆಗಿರುವಲ್ಲಿ, ಮಾರುವವನೇ ತಕ್ಕಡಿ ಹಿಡಿಯುವವನನ್ನೂ ನೇಮಿಸಿದಂತಲ್ಲವೇ?

ಆದಿಸಭೆಯಲ್ಲಿಯೂ ಹಂಚುವ ವಿಷಯದಲ್ಲಿ ದೂರು ಬಂದಿತ್ತು. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಪಾಲು ಸರಿಯಾಗಿ ಸಿಗುತ್ತಿರಲಿಲ್ಲ. ಅಪೊಸ್ತಲರು ತಾವೇ ಹೆಸರು ಹೇಳಲಿಲ್ಲ; ಏಳು ಮಂದಿಯನ್ನು ಆರಿಸುವ ಕೆಲಸವನ್ನು ಸಭೆಗೇ ಬಿಟ್ಟರು, ಆಮೇಲೆ ಕೈಯಿಟ್ಟು ಪ್ರಾರ್ಥಿಸಿ ನೇಮಿಸಿದರು. ಆರಿಸಲ್ಪಟ್ಟ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ದೂರಿದವರ ಭಾಷೆಯವರಿಗೇ ಹಂಚುವ ಕೆಲಸ ಸಿಕ್ಕಿತು.

ನಮಗೆ ಉಳಿದಿರುವುದು ಒಂದೇ ಬಾಗಿಲು. ದರ ಏರಿಸಬೇಕೆಂಬ ಅರ್ಜಿಯ ಸಾರಾಂಶವನ್ನು ಪ್ರಕಟಿಸಬೇಕು, ಬಂದ ಆಕ್ಷೇಪಣೆಗಳನ್ನು ಆಯೋಗ ಪರಿಶೀಲಿಸಿಯೇ ಆಜ್ಞೆ ಮಾಡಬೇಕು. ಇದು ಕಾನೂನು. ಆದರೆ ಪ್ರಕಟಣೆ ತಮಿಳಿನಲ್ಲೋ ಮಲೆಯಾಳದಲ್ಲೋ ಬಂದರೆ ನಮ್ಮ ಲೈನ್‌ಮನೆಗಳಲ್ಲಿ ಎಷ್ಟು ಮಂದಿ ಓದುತ್ತಾರೆ? ವಿಚಾರಣೆಗೆ ಪಟ್ಟಣಕ್ಕೆ ಹೋದರೆ ಆ ದಿನದ ಕೂಲಿ ಯಾರು ಕೊಡುತ್ತಾರೆ? ಬಿಲ್ಲೇ ತೋಟದ ಹೆಸರಿನಲ್ಲಿದ್ದು, ಹಣ ಸಂಬಳದಲ್ಲಿ ಹಿಡಿದುಹೋಗುವ ಮನೆಯವರು ಮಾತಾಡಬಹುದೆಂದು ಅವರಿಗೆ ಹೇಳಿದವರುಂಟೇ?

ಆಕ್ಷೇಪಣೆಯನ್ನು ಬರೆದೂ ಕಳುಹಿಸಬಹುದು. ಮುಂದಿನ ಪ್ರಕಟಣೆ ಬಂದಾಗ ಮಕ್ಕಳಲ್ಲಿ ಆ ಭಾಷೆ ಓದಬಲ್ಲವರಿಂದ ಆರಾಧನೆಯ ನಂತರ ಓದಿಸೋಣ. ಅಲ್ಲಿಯವರೆಗೆ ಬಿಲ್ಲನ್ನೂ ಸಂಬಳದ ಚೀಟಿಯನ್ನೂ ಒಲೆಗೆ ಹಾಕದೆ ತೆಗೆದಿಡಿರಿ.